ಬಾಗಿಲಿಗೆ ಅಡ್ಡ ಬೀರು

ಮೀನಾಕ್ಷಮ್ಮನವರ ಗಂಡ ದೂರದ ಕ್ವೆಟ್ಟಾ ಪಟ್ಟಣದಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. 1935ರಲ್ಲಿ ಅಲ್ಲಿ ಭೂಕಂಪವಾದಾಗ ಮನೆಯ ಬೀರು ಉರುಳಿ ಬಾಗಿಲಿಗೆ ಅಡ್ಡ ಬಿತ್ತು. ನೆರೆಯವರು ಬಾಗಿಲು ಒಡೆಯುವಷ್ಟರಲ್ಲಿ ಸೂರು ಕುಸಿದು ಗಂಡ, ಮಗಳು ಇಬ್ಬರೂ ಹೋದರು. ಅಂಗಳದಲ್ಲಿದ್ದು ಉಳಿದ ಮೀನಾಕ್ಷಮ್ಮ ಒಬ್ಬರೇ ಊರ ಕಡೆ ಬಂದು, ಓದಿ, 1941ರಲ್ಲಿ ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಉಪಾಧ್ಯಾಯಿನಿಯಾದರು.

ಆ ಶಾಲೆಗಿದ್ದದ್ದು ಒಂದೇ ಬಾಗಿಲು. ಅದರ ಪಕ್ಕದಲ್ಲೇ ಆಳೆತ್ತರದ ಬೀರು. ಅದನ್ನು ಹಿಂದಿನ ಗೋಡೆಗೆ ಸರಿಸಿ ಎಂದು ಅವರು ಕೇಳಿದಾಗ ಶಾಲಾ ಸಮಿತಿಯ ಅಧ್ಯಕ್ಷ ಚಿಕ್ಕಬೋರಯ್ಯ ನಕ್ಕುಬಿಟ್ಟರು.

"ಇದು ಮದ್ದೂರು ಸೀಮೆ ಕಣಮ್ಮ. ಇಲ್ಲಿ ರೈಲು ಓದಾಗ ಮಾತ್ರ ನೆಲ ಅದುರೋದು."

"ಭೂಕಂಪ ಆಗದಿದ್ರೂ ಸೂರು ಬೀಳಬಹುದಲ್ಲ?"

"ಬುಡ್ತು ಅನ್ನಿ! ಮಕ್ಳಿರೋ ಜಾಗ್ದಲ್ಲಿ ಎಂಥಾ ಮಾತು!"

ಬೀರು ಕದಲಲಿಲ್ಲ. ಮೀನಾಕ್ಷಮ್ಮ ಮಕ್ಕಳಿಗಾದರೂ ಕಲಿಸತೊಡಗಿದರು: ಕೂಗಿದ ಕೂಡಲೇ ಸ್ಲೇಟು ಬಿಟ್ಟು, ನೂಕದೆ, ಸಾಲಾಗಿ ಬಯಲಿಗೆ ನಡೆಯಬೇಕು. ಕೆಲವೇ ದಿನಕ್ಕೆ ರೇವಿ ಎಂಬ ಹುಡುಗಿಯ ತಾಯಿ ಹೊಂಬಾಳಮ್ಮ ಜಗಳಕ್ಕೆ ಬಂದಳು.

"ನಮ್ಮುಡುಗಿ ನಿದ್ದೇಲಿ ಬೆಚ್ಚಿ ಬೀಳ್ತಾಳೆ. ಅಕ್ಸರ ಕಲ್ಸಿ ಅಂತ ಕಳ್ಸಿದ್ರೆ ಭೂಮಿ ಬಾಯ್ಬುಡೋದ ಕಲಿಸ್ತೀರಾ?"

ಚಿಕ್ಕಬೋರಯ್ಯ ಆ ಅಭ್ಯಾಸ ನಿಲ್ಲಿಸಿಬಿಟ್ಟರು.

ಮರುವರ್ಷದ ಮಳೆಗಾಲದ ಒಂದು ಮಧ್ಯಾಹ್ನ ನೆನೆದ ತೊಲೆ ಲಟಕ್ಕೆಂದು ಹೆಂಚುಗಳು ಉದುರತೊಡಗಿದವು. "ಸಾಲಾಗಿ!" ಎಂದು ಅವರು ಕೂಗಿದರು. ದೊಡ್ಡ ಮಕ್ಕಳು ಸಾಲು ಹಿಡಿದವು. ಹೊಸದಾಗಿ ಸೇರಿದ ಚಿಕ್ಕವಕ್ಕೆ ಏನು ಗೊತ್ತು? ಕಿರುಚುತ್ತ ಬಾಗಿಲಿಗೆ ನುಗ್ಗಿದವು. ಆ ನೂಕಾಟಕ್ಕೆ ಬೀರು ವಾಲಿ ರೇವಿಯ ತಂಗಿಯ ಮೇಲೆ ಬಿತ್ತು. ಗದ್ದೆಯಿಂದ ಓಡಿಬಂದವರು ಎತ್ತಿದರು. ಜೀವ ಉಳಿಯಿತು, ಕೈ ಮುರಿದಿತ್ತು.

ಸಮಿತಿ ಹೊಸ ತೊಲೆ ಹಾಕಿಸಿತು. ಬೀರನ್ನು ಮೊದಲಿದ್ದಲ್ಲೇ ನಿಲ್ಲಿಸಿತು.

"ತೊಲೆ ಗಟ್ಟಿ ಆಯ್ತಲ್ಲ, ಬೀರು ಸರ್ಸೋದು, ಸಾಲು ಕಲ್ಸೋದು ಇನ್ಯಾಕಮ್ಮ?" ಎಂದರು ಚಿಕ್ಕಬೋರಯ್ಯ.

ಮೀನಾಕ್ಷಮ್ಮ ಸಮಿತಿಯ ಸಭೆಯಿಂದ ಎದ್ದು ಬಂದರು. ಹೊರಗೆ ಹೊಂಬಾಳಮ್ಮ ಕಾದಿದ್ದಳು.

"ಅಮ್ಮಾರೇ, ನಿಲ್ಸಿದ್ದ ಮತ್ತೆ ಸುರು ಮಾಡಿ. ಯಾರು ತಡೀತಾರೋ ನಾನೂ ನೋಡ್ತೀನಿ."

"ಕೂಸಿನ ಕೈ ಮುರಿಯೋವರೆಗೂ ಕಾಯಬೇಕಿತ್ತಾ, ಹೊಂಬಾಳಮ್ಮ?"

ಅವಳು ತಲೆ ತಗ್ಗಿಸಿದಳು. ಮೀನಾಕ್ಷಮ್ಮನವರ ಸಿಟ್ಟು ಇಳಿಯಲಿಲ್ಲ. ಆದರೂ ಸೋಮವಾರ ಚಿಕ್ಕ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಮೊದಲಿನಿಂದ ಕಲಿಸತೊಡಗಿದರು. ಅಧ್ಯಕ್ಷರು ಬಂದರೆ ಬರಲಿ ಎಂದು ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಯ ಮೇಲೆ ಕುಳಿತಿದ್ದಳು.