ಹಿಮ್ಮಡಿಯ ಗಂಟು

ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಮುತ್ತಜ್ಜಂದಿರ ಕಾಲದಿಂದಲೂ ಆ ಹಳ್ಳಿಯವರಿಗೆ ಮೈಯೊಂದೇ ಆಸ್ತಿ. ಅದರಲ್ಲೂ ಮರದ ಮಿಲ್ಲಿನಲ್ಲಿ ದುಡಿಯುವ ಒಂದು ಮನೆತನದ ಗಂಡಸರಿಗೆ ಹಿಮ್ಮಡಿಯ ಮೇಲೆ ಗಟ್ಟಿ ಗಂಟು ಬರುವುದು ದೊಡ್ಡ ಹೆಮ್ಮೆ. "ದಿಮ್ಮಿ ಹೊತ್ತ ಕಾಲಿನ ಮೊಹರು ಕಣಮ್ಮ" ಎಂದು ಮಾವ ಸೊಸೆಗೆ ತೋರಿಸುತ್ತಿದ್ದ. ನಲವತ್ತೈದು ದಾಟುತ್ತಲೇ ಅವನು ಗರಗಸದ ಬುಡದಲ್ಲಿ ಎದೆ ಹಿಡಿದು ಕುಸಿದ. ಅವನ ಹಿರಿಮಗ ಇನ್ನೂ ಬೇಗ ಹೋದ. ದುಡಿದು ಸತ್ತರು ಎಂದಿತು ಊರು.

ಆವತ್ತು ಬೆಳಿಗ್ಗೆ ಮುಳ್ಳು ತೆಗೆಯಲೆಂದು ಸೊಸೆ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಹದಿನೈದರ ಹುಡುಗಿ, ದಿಮ್ಮಿ ಇರಲಿ, ಬಕೆಟ್ಟು ಎತ್ತು ಅಂದರೂ ಮುಖ ಸಿಂಡರಿಸುವವಳು. ಹಿಮ್ಮಡಿಯ ಮೇಲೆ ಅದೇ ಗಂಟು.

ಮುಳ್ಳನ್ನು ಅಲ್ಲೇ ಬಿಟ್ಟು ಮಗಳನ್ನು ದರದರ ಎಳೆದುಕೊಂಡು ನಡೆದಳು. ವರ್ಷಕ್ಕೊಮ್ಮೆ ಬರುವ ಆರೋಗ್ಯದ ವ್ಯಾನು ಮಿಲ್ಲಿನ ಗೇಟಿನಲ್ಲಿ ನಿಂತಿತ್ತು. ಡಾಕ್ಟರು ಎಂದಿನ ಪಾಠ ಒಪ್ಪಿಸುತ್ತಿದ್ದರು: "ನಿಮ್ಮ ಜನದ ರಕ್ತವೇ ಹಾಗೆ, ಎದೆ ಬೇಗ ನಿಲ್ಲುತ್ತೆ. ಕೊಬ್ಬು ತಿನ್ನೋದು ಕಡಿಮೆ ಮಾಡಿ."

"ರಕ್ತ ನೋಡಿದ್ದೀರಾ?" ಸೊಸೆ ಮಗಳ ಕಾಲನ್ನೆತ್ತಿ ಅವರ ಮೇಜಿನ ಮೇಲಿಟ್ಟಳು. "ಇದನ್ನಾದ್ರೂ ನೋಡಿ."

ಡಾಕ್ಟರು ಬೆರಳಿನಿಂದ ಒತ್ತಿದರು. ದನಿ ಇಳಿಯಿತು. "ಇದು ಕೊಲೆಸ್ಟ್ರಾಲ್ ಇರಬೇಕು. ವಂಶದಲ್ಲೇ ಬರುತ್ತೆ, ಊಟದಿಂದಲ್ಲ. ಎದೆಯ ರಕ್ತನಾಳದಲ್ಲೂ ಕಟ್ಟಿಕೊಳ್ಳುತ್ತೆ. ಹೆದರಬೇಡಿ, ಮಾತ್ರೆ ಇದೆ."

"ಮಾತ್ರೆ ಎಂದಿನಿಂದ ಇದೆ?"

"ಬಹಳ ವರ್ಷದಿಂದ."

ಅವಳ ಮೈಯೆಲ್ಲ ಹೊತ್ತಿಕೊಂಡಿತು. "ನಮ್ಮ ಮಾವ ನಿಮ್ಮೆದುರೇ ಬಂದು ಕೂತಿದ್ರಲ್ಲ! ಒಂದು ಸಲ ಬೂಟು ಬಿಚ್ಚು ಅನ್ನೋಕೆ ನಾಲಿಗೆ ಸವೀತಿತ್ತಾ?"

ಮಿಲ್ಲಿನೊಳಗಿಂದ ಗಂಡ ಓಡಿಬಂದು ಅವಳ ರಟ್ಟೆ ಹಿಡಿದ. "ಏ, ಬಾರೇ, ದೊಡ್ಡೋರ ಹತ್ರ..."

"ಎಲ್ಲರ ರಕ್ತ ತೆಗೀರಿ. ಈಗಲೇ."

"ಪಟ್ಟಣ ತಲುಪೋದ್ರೊಳಗೆ ಬಿಸಿಲಿಗೆ ಕೆಟ್ಟುಹೋಗುತ್ತಮ್ಮ. ಮುಂದಿನ ಸಲ ಐಸ್ ಪೆಟ್ಟಿಗೆ ತರ್ತೀವಿ."

ಅವಳ ಕಣ್ಣು ಡ್ರೈವರನ ಸೀಟಿನ ಪಕ್ಕಕ್ಕೆ ಹೋಯಿತು. ಅಲ್ಲೊಂದು ನೀಲಿ ಪೆಟ್ಟಿಗೆ, ಮೈಯೆಲ್ಲ ಬೆವೆತಿತ್ತು. ಮುಚ್ಚಳ ತೆಗೆದಳು. ಐಸಿನ ನಡುವೆ ತಂಪು ಪಾನೀಯದ ಬಾಟಲಿಗಳು.

"ಅದು ನಮ್ಮ ದಾರಿಗೆ..." ಎಂದ ಡ್ರೈವರ.

ಬಾಟಲಿಗಳನ್ನು ಒಂದೊಂದಾಗಿ ತೆಗೆದು ಮಣ್ಣಿಗೆಸೆದಳು. ಪೆಟ್ಟಿಗೆಯನ್ನು ತಂದು ಡಾಕ್ಟರ ಮುಂದೆ ಕುಕ್ಕಿದಳು.

"ಜಾಗ ಆಯ್ತು. ಸೂಜಿ ತೆಗೀರಿ."

ಗಂಡ ಇನ್ನೂ ಏನೋ ಗೊಣಗುತ್ತಿದ್ದ.

"ನೀನು ಬಾಯಿ ಮುಚ್ಚು," ಎಂದಳು, "ತೋಳು ಚಾಚು."