ಮೆಟ್ಟಿಲು ತುಳಿಯುವುದಕ್ಕೇ ಇರುವುದು

ಚಲುವಯ್ಯನ ಮನೆ ಇದ್ದದ್ದು ಚಕ್ರದ ಮೇಲೆ. ಹಳೇ ಬಸ್ಸೊಂದನ್ನು ಕೊಂಡು, ಸೀಟೆಲ್ಲ ಕಿತ್ತು, ಮುಂದೆ ಹೊಲಿಗೆ ಮೆಷಿನ್ನು, ಹಿಂದೆ ಮಂಚ, ಸ್ಟೌವು ಇಟ್ಟುಕೊಂಡು ಗಂಡ ಹೆಂಡತಿ ಸಂತೆಯಿಂದ ಸಂತೆಗೆ ಬಟ್ಟೆ ಹೊಲಿಯುತ್ತಾ ಹೋಗುತ್ತಿದ್ದರು. ಇವತ್ತು ಕಿಕ್ಕೇರಿ, ಮತ್ತೊಂದು ದಿನ ಬೂಕನಕೆರೆ, ಆಮೇಲೆ ನಾಗಮಂಗಲ. ತೊಂಬತ್ತಾರನೇ ಇಸವಿಯಲ್ಲಿ ಮಗಳು ರಮ್ಯ ಹೆರಿಗೆಗೆಂದು ತವರಿಗೆ, ಅಂದರೆ ಈ ಬಸ್ಸಿಗೇ, ಬಂದಿದ್ದಳು.

ಮನೆ ಅಂದ ಮೇಲೆ ಹೊಸ್ತಿಲು ಬೇಡವೇ? ಚಲುವಯ್ಯನ ಹೆಂಡತಿ ಸಿದ್ದಲಿಂಗಮ್ಮ ಬಾಗಿಲ ಮೇಲುಮೆಟ್ಟಿಲ ಅಂಚಿನ ಅಲ್ಯೂಮಿನಿಯಂ ಪಟ್ಟಿಯನ್ನೇ ಹೊಸ್ತಿಲು ಮಾಡಿಕೊಂಡಿದ್ದಳು. ದಿನಾ ಬೆಳಿಗ್ಗೆ ನೀರು ಹಾಕಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಹೂವೇರಿಸುವಳು. ವರ್ಷಗಟ್ಟಲೆ ತೊಳೆದು ತೊಳೆದು, ಕಾಲು ಜಾರದಿರಲೆಂದು ಪಟ್ಟಿಯ ಮೇಲಿದ್ದ ಗೀರು ಸವೆದು ನುಣ್ಣಗಾಗಿತ್ತು. ಸ್ಕ್ರೂ ಸಡಿಲಾಗಿ ಒಂದು ತುದಿ ಮೇಲೆದ್ದಿತ್ತು. ಬದಲಾಯಿಸೋಣ ಎಂದು ಚಲುವಯ್ಯ ಎಷ್ಟೋ ಸಲ ಹೇಳಿದ. ಬಸುರಿ ಮಗಳು ಮನೆಯಲ್ಲಿರುವಾಗ ಹೊಸ್ತಿಲು ಕೀಳುವ ಮಾತೇ ಎಂದು ಅವಳು ರೇಗಿದಳು. ತೋಳಿನ ಅಳತೆಗೆ ಗಿರಾಕಿಗಳ ಹತ್ತಿರ ಗಂಟೆಗಟ್ಟಲೆ ವಾದ ಮಾಡುವ ಮನುಷ್ಯ ಹೆಂಡತಿಯ ಮುಂದೆ ಬಾಯಿ ಹೊಲಿದುಕೊಂಡ.

ಒಂದು ದಿನ ಕಿಕ್ಕೇರಿಯಲ್ಲಿ ಆ ಊರಿನ ನರ್ಸಮ್ಮ ಸಹನ ರಮ್ಯಳನ್ನು ನೋಡಲು ಬಂದರು. ರಮ್ಯ ಎದುರುಗೊಳ್ಳಲು ಇಳಿದಳು. ಹೊಸ್ತಿಲು ತುಳಿಯಬಾರದೆಂದು ಕಾಲನ್ನು ಅಷ್ಟುದ್ದ ಚಾಚಿದಳು. ಸೀರೆಯ ಅಂಚು ಮೇಲೆದ್ದ ಪಟ್ಟಿಗೆ ಸಿಕ್ಕಿ ಹರಿಯಿತು, ಮುಂದಕ್ಕೆ ವಾಲಿದಳು. ಕೆಳಗಿನಿಂದ ನರ್ಸಮ್ಮ ಹಿಡಿದರು, ಒಳಗಿನಿಂದ ತಾಯಿ ತೋಳು ಎಳೆದಳು. ಬೀಳಲಿಲ್ಲ.

"ಹೊಸ್ತಿಲಮ್ಮ ಕಾಪಾಡುದ್ಲು ಕಣವ್ವ," ಎಂದಳು ಸಿದ್ದಲಿಂಗಮ್ಮ.

ನರ್ಸಮ್ಮ ಮೊದಲು ಮಗುವಿನ ಎದೆಬಡಿತ ಕೇಳಿದರು. ಚೆನ್ನಾಗಿತ್ತು. ಆಮೇಲೆ, ಅಷ್ಟು ದೂರ ಕಾಲು ಯಾಕೆ ಹಾಕಿದೆ ಎಂದು ರಮ್ಯಳನ್ನು ಕೇಳಿದರು. ಹೊಸ್ತಿಲು ತುಳಿಯಬಾರದು ಅಂತ ಅವ್ವ ಹೇಳಿದ್ದಾಳೆ ಎಂದಳು ಅವಳು.

"ಸಿದ್ದಲಿಂಗಮ್ಮಾರೆ, ಹೊಸ್ತಿಲು ದಾಟಕ್ಕಿರೋದು. ಇದು ಮೆಟ್ಲು, ತುಳಿಯಕ್ಕಿರೋದು. ತುಳೀಬ್ಯಾಡ ಅಂದ್ರೆ, ಹೊಟ್ಟೆ ಹೊತ್ಕಂಡಿರೋ ಮಗ್ಳು ಎಲ್ಲಿ ಕಾಲಿಕ್ಬೇಕು ಯೋಳಿ."

ಸಿದ್ದಲಿಂಗಮ್ಮ ಮೇಲೆದ್ದ ಪಟ್ಟಿಯ ತುದಿ ಮುಟ್ಟಿದಳು. ಮಗಳ ಹರಿದ ಸೀರೆಯಂಚು ನೋಡಿದಳು, ಗಂಡನ ಕಡೆ ತಿರುಗಿದಳು.

"ಕಿತ್ತಾಕಿ ಅದ್ನ. ಪಾಪ ಬಂದ್ರೆ ನನ್ ತಲೆ ಮ್ಯಾಲಿರ್ಲಿ."

ಚಲುವಯ್ಯ ತುಕ್ಕು ಹಿಡಿದ ಸ್ಕ್ರೂಗಳಿಗೆ ಸೀಮೆಎಣ್ಣೆ ಬಿಟ್ಟು, ನೆನೆದ ಮೇಲೆ ಒಂದೊಂದಾಗಿ ತಿರುಗಿಸಿ ತೆಗೆದ. ಪಟ್ಟಿ ಎತ್ತಿದರೆ ಕೆಳಗಿನ ಹಲಗೆ ನೆನೆದ ರೊಟ್ಟಿಯ ಹಾಗಿತ್ತು. ಸಿದ್ದಲಿಂಗಮ್ಮ ಬೆರಳು ಒತ್ತಿದಳು, ಒಳಕ್ಕೇ ಹೋಯಿತು. ಎಲ್ಲ ತಾನು ಭಕ್ತಿಯಿಂದ ಸುರಿದ ನೀರು. ಅವಳಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಚಲುವಯ್ಯ ಕೊಳೆತದ್ದನ್ನು ಕತ್ತರಿಸಿ, ಒಣ ಹಲಗೆ ಕೂರಿಸಿ ಬಣ್ಣ ಬಳಿದ. ಬಣ್ಣ ಒಣಗಿದ ಮೇಲೆ ಗೀರುಳ್ಳ ರಬ್ಬರಿನ ಹೊಸ ಪಟ್ಟಿ ಬಿಗಿದ. ಸ್ಕ್ರೂ ತಲೆ ಎಲ್ಲೂ ಮೇಲೇಳದ ಹಾಗೆ ಒಳಕ್ಕೆ ಕೂರಿಸಿದ. ಅವಳು ತನ್ನ ಸೆರಗನ್ನೇ ಉದ್ದಕ್ಕೂ ಎಳೆದು ಎಲ್ಲೂ ಸಿಕ್ಕುವುದಿಲ್ಲವೆಂದು ನೋಡಿದಳು. ಅರಿಶಿನ ಕುಂಕುಮ ಬಾಗಿಲ ಚೌಕಟ್ಟಿನ ಮೇಲ್ಭಾಗಕ್ಕೆ ಏರಿತು.

ಸಂಜೆ ರಮ್ಯ ಬಾಗಿಲಿಗೆ ಬಂದು, ಅಭ್ಯಾಸಬಲದಿಂದ ಮತ್ತೆ ಕಾಲು ಚಾಚಿದಳು. ಕೆಳಗೆ ನಿಂತಿದ್ದ ತಾಯಿ ಕೈ ನೀಡಿದಳು.

"ತುಳಿ ಮಗ. ಗಟ್ಟಿಯಾಗಿ ತುಳಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಗಾಡಿಯ, ನಿಮ್ಮ ಮನೆಯ ಮೆಟ್ಟಿಲಂಚಿನ ಮೇಲೆ ಒಮ್ಮೆ ಕೈಯಾಡಿಸಿ ನೋಡಿ. ನುಣ್ಣಗಾಗಿದೆಯೇ, ಅಲ್ಲಾಡುತ್ತಿದೆಯೇ, ತುದಿ ಎದ್ದಿದೆಯೇ? ಹಳೆಯದರ ಮೇಲೇ ತಗಡು ಹೊಡೆದು ಮುಚ್ಚಬೇಡಿ. ಬಿಚ್ಚಿ, ಕೆಳಗಿನ ಹಲಗೆ ನೋಡಿ, ಕೊಳೆತಿದ್ದರೆ ಬದಲಾಯಿಸಿ, ಆಮೇಲೆ ಹೊಸ ಪಟ್ಟಿ ಹಾಕಿ. ನಾಳೆ ಮಾಡಿದರಾಯಿತು ಅನ್ನಬೇಡಿ. ಅದೇ ಮೆಟ್ಟಿಲಲ್ಲಿ ನಿಮ್ಮ ಮನೆಯ ಮಗಳು ಇವತ್ತೇ ಇಳಿಯುತ್ತಾಳೆ.