ಸೋಪು ತಾಗದ ರಾಳ

ಎರಡು ಸಲ ಪ್ರಯೋಗ ಸೋತಿತ್ತು. ಕರುಳು ಹುಣ್ಣಾದ ಇಲಿಗಳಿಗೆ ಮಸ್ತಿಹಾ ಮರದ ರಾಳ ತಿನ್ನಿಸಿದರೆ ಉರಿಯೂತ ಇಳಿಯಬೇಕಿತ್ತು, ಏರಿತು. ಇನ್ನೊಮ್ಮೆ ಸೋತರೆ ಕೆಲಸ ನಿಲ್ಲಿಸುವುದೆಂದು ಪ್ರೊಫೆಸರ್ ಹೇಳಿದ ಮಾರನೆಯ ದಿನವೇ, ಆ ಪ್ರಯೋಗ ನಡೆಸುತ್ತಿದ್ದ ಆರ್ಗಿರೋ ಅಥೆನ್ಸಿನಿಂದ ಹಡಗು ಹತ್ತಿ ಖಿಯೋಸ್ ದ್ವೀಪದ ತನ್ನ ಊರಿಗೆ ಬಂದಳು. ರಾಳ ಕಳಿಸಿದ್ದವಳು ಅಲ್ಲಿದ್ದ ದೊಡ್ಡಮ್ಮ ಮರೂಕಾ.

ಮನೆಯ ಮುಂದೆ ಮರೂಕಾಳೂ ಸೇರಿ ಐವರು ಹೆಂಗಸರು ಮಡಿಲಲ್ಲಿ ತಟ್ಟೆಯಿಟ್ಟುಕೊಂಡು, ರಾಳದ ಹನಿಗಳಿಗೆ ಅಂಟಿದ ಮಣ್ಣನ್ನು ಚೂರಿಯ ಮೊನೆಯಿಂದ ಕೆರೆಯುತ್ತಿದ್ದರು.

"ಬಂದ್ಲು ನೋಡ್ರೇ, ಇಲಿ ಡಾಕ್ಟ್ರು!" ಎಂದಳು ಪಕ್ಕದ ಮನೆಯ ಕಲಿಯೋಪಿ. "ನನ್ನ ಗಂಡಂಗೂ ಹೊಟ್ಟೆನೋವು ಕಣೇ. ಅವನನ್ನೂ ಪಂಜರಕ್ಕೆ ಹಾಕ್ಕೊಂಡ್ ಹೋಗು."

ಆರ್ಗಿರೋ ನಗಲಿಲ್ಲ. "ದೊಡ್ಡಮ್ಮ, ನಂಗೆ ಕಳಿಸಿದ್ದನ್ನ ಹೇಗೆ ತೊಳೆದೆ?"

"ಎಲ್ಲರ ಹಾಗೇ, ಸೋಪಿನ ನೀರಲ್ಲಿ. ನಿಂಗೆ ಅಂತ ಮೂರು ಸಲ ತೊಳೆದೆ. ಒಂದಿಡೀ ದಿನ ನೆನೆಹಾಕಿದ್ದೆ. ಯೂನಿವರ್ಸಿಟಿಗೆ ಹೋಗೋ ಮಾಲು, ಮರೂಕಾ ಮಣ್ಣು ಕಳಿಸಿದ್ಲು ಅಂತ ಯಾರೂ ಅನ್ನಬಾರದು ನೋಡು."

ಆರ್ಗಿರೋ ತಟ್ಟೆಯಿಂದ ಒಂದು ಹನಿ ಎತ್ತಿ ಮೂಸಿದಳು. ಆ ಸೋಪಿನ ವಾಸನೆ ಹುಟ್ಟಿದಾಗಿನಿಂದ ಮೂಗಿಗೆ ರೂಢಿ. ಅನುಮಾನವೇ ಬಂದಿರಲಿಲ್ಲ.

"ಹುಣ್ಣಾದ ಕರುಳಿಗೆ ಸೋಪು ತಿನ್ಸಿದೀನಿ, ದೊಡ್ಡಮ್ಮ."

ಮರೂಕಾಳ ಮುಖ ಕೆಂಪಾಯಿತು. ಒಳಗೆ ಹೋಗಿ, ಮರದಿಂದ ಬಿಡಿಸಿದ ಮೇಲೆ ನೀರೇ ಕಾಣದ ರಾಳದ ಡಬ್ಬಿ ತಂದು ನಡುವೆ ಕುಕ್ಕಿದಳು. "ಎದ್ದು ಕೈ ತೊಳೀರೇ! ಬರೀ ನೀರಲ್ಲಿ. ಇದನ್ನ ಚೂರಿಯಲ್ಲೇ ಕೆರೀಬೇಕು."

ನಾಲ್ಕು ದಿನ ಕೆರೆದರು. ಬೆರಳುಗಳು ಬೊಬ್ಬೆಯೆದ್ದವು.

ಎರಡು ತಿಂಗಳ ಮೇಲೆ ಅಥೆನ್ಸಿನಲ್ಲಿ, ಇಲಿಗಳ ಕರುಳಿನ ಚೂರುಗಳಿದ್ದ, ಬರೀ ಸಂಖ್ಯೆ ಬರೆದ ಹನ್ನೆರಡು ಗಾಜಿನ ಪಟ್ಟಿಗಳನ್ನು ಆರ್ಗಿರೋ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಆರರಲ್ಲಿ ಕರುಳಿನ ಪದರ ಹರಿದೇ ಇತ್ತು. ಇನ್ನಾರರಲ್ಲಿ ಹುಣ್ಣು ಮುಚ್ಚಿತ್ತು. ಆ ಆರು ಸಂಖ್ಯೆಗಳನ್ನು ಗಟ್ಟಿಯಾಗಿ ಓದಿದಳು. ಯಾವ ಇಲಿಗೆ ರಾಳ ಕೊಟ್ಟಿದ್ದು, ಯಾವುದಕ್ಕೆ ಇಲ್ಲ ಎಂಬ ಪಟ್ಟಿಯಿದ್ದ ಲಕೋಟೆಯನ್ನು ಪ್ರೊಫೆಸರ್ ಒಡೆದರು.

"ರಾಳ," ಎಂದರು. ಮತ್ತೆ, "ರಾಳ." ಆರು ಸಲವೂ ಅದೇ. ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನು ನಿಲ್ಲಿಸೋ ಮಾತೇ ಇಲ್ಲ."

ಆರ್ಗಿರೋ ಊರಿಗೆ ಫೋನು ಮಾಡಿದಳು. "ದೊಡ್ಡಮ್ಮ, ವಾಸಿಯಾಯ್ತು! ಕೆರೆದವರ ಹೆಸರೆಲ್ಲ ಹೇಳು, ವರದಿಯಲ್ಲಿ ಹಾಕ್ತೀನಿ."

ಆ ಕಡೆ ತಟ್ಟೆ ಉರುಳಿದ ಸದ್ದು. ಮರೂಕಾ ಬಾಯಿ ತೆರೆಯುವ ಮೊದಲೇ ಕಲಿಯೋಪಿ ತನ್ನ ಹೆಸರನ್ನು, ತವರು ಮನೆಯ ಹೆಸರೂ ಸೇರಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು.